ಪ್ರಶ್ನೆಯಲ್ಲಿ ಇಲ್ಲದ ಗೋಡೆ

ನಮ್ಮ ಮನೆಗೆ ಬಾಗಿಲುಗಳಿದ್ದವು. ಆದರೆ ನಾನು ಏಳನೇ ತರಗತಿಗೆ ಬಂದ ವರ್ಷ ಅವುಗಳಲ್ಲಿ ಒಂದನ್ನೂ ಮುಚ್ಚಿಕೊಳ್ಳುವ ಹಾಗಿರಲಿಲ್ಲ. ವಾಮದಪದವಿನ ಪೇಟೆ ದಾಟಿದ ಕೂಡಲೇ ರಸ್ತೆಗೆ ಮುಖ ಮಾಡಿ ಅಪ್ಪನ ಟೈಲರ್ ಅಂಗಡಿ, ಅದರ ಬೆನ್ನಿಗೆ ಅಂಟಿಕೊಂಡು ನಮ್ಮ ಮನೆ. ಒಂದು ಚಾವಡಿ, ಒಂದು ಕೋಣೆ, ಅಡುಗೆಮನೆ, ದೇವರ ಫೋಟೋ ಇಟ್ಟ ಒಂದು ಗೂಡು, ಇಷ್ಟೇ. ಅಪ್ಪ, ಅಮ್ಮ, ಅಪ್ಪನ ತಾಯಿ ಮತ್ತು ನಾನು, ನಾಲ್ಕು ಜನಕ್ಕೆ ಅದು ಸಾಕಾಗುತ್ತಿತ್ತು. ಶನಿವಾರ ಮಧ್ಯಾಹ್ನವಾಯಿತೆಂದರೆ ಅದೇ ಮನೆಯಲ್ಲಿ ಇಪ್ಪತ್ತಾರು ಜನ. ಚಾವಡಿಯಲ್ಲಿ ಹನ್ನೆರಡು ಮಕ್ಕಳು, ಕೋಣೆಯಲ್ಲಿ ಆರು, ಜಗಲಿಯಲ್ಲಿ ಇಬ್ಬರು, ಅಡುಗೆಮನೆಯ ಹೊಸ್ತಿಲಿಗೆ ಒರಗಿ ಇನ್ನಿಬ್ಬರು. ನನ್ನ ಹಾಸಿಗೆಯ ಮೇಲೆ ಯಾರದ್ದೋ ಚೀಲ, ನನ್ನ ಕನ್ನಡಿಯಲ್ಲಿ ಯಾರದ್ದೋ ಮುಖ. ಬಚ್ಚಲಿಗೆ ಹೋದರೆ ಹೊರಗೆ ನಿಂತು ಯಾರಾದರೂ ಮಗ್ಗಿ ಹೇಳುತ್ತಾ ಕಾಯುತ್ತಿದ್ದರು. ನನಗೆ ಅಳು ಬಂದರೆ ಅಳುವುದಕ್ಕೆ ಇದ್ದ ಒಂದೇ ಜಾಗವೆಂದರೆ ಅಪ್ಪನ ಅಂಗಡಿಯ ಕತ್ತರಿಸುವ ಮೇಜಿನ ಅಡಿ. ಅಲ್ಲಿಗೂ ಬಟ್ಟೆಯ ಚೂರುಗಳ ಜೊತೆ ಅಪ್ಪನ ಕಾಲು ಬರುತ್ತಿತ್ತು. ಅವರು ಏನೂ ಕೇಳದೆ ಕಾಲನ್ನು ಆಚೆ ಎಳೆದುಕೊಂಡು ಕತ್ತರಿ ಆಡಿಸುತ್ತಿದ್ದರು.

ಮಕ್ಕಳೆಲ್ಲ ಬರುತ್ತಿದ್ದದ್ದು ಮೂಡುಬಿದಿರೆಯ ಒಂದು ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆಗಾಗಿ. ಎಂಟನೇ ತರಗತಿಗೆ ಅಲ್ಲಿ ಸೀಟು ಸಿಕ್ಕಿತೆಂದರೆ ಊಟ, ವಸತಿ, ಪುಸ್ತಕ ಎಲ್ಲ ಅವರದ್ದೇ. ಹಾಗಾಗಿ ಬಂಟ್ವಾಳ, ಬೆಳ್ತಂಗಡಿ ಕಡೆಯ ಮನೆಗಳಲ್ಲಿ ಏಳನೇ ತರಗತಿಯ ಮಗುವಿದ್ದರೆ ಆ ವರ್ಷ ಬೇರೆ ಮಾತೇ ಇರುತ್ತಿರಲಿಲ್ಲ. ಅಮ್ಮ ಒಂಬತ್ತು ವರ್ಷ ಸರಕಾರಿ ಶಾಲೆಯಲ್ಲಿ ಗೌರವ ಶಿಕ್ಷಕಿಯಾಗಿದ್ದವಳು. ಕಾಯಂ ಶಿಕ್ಷಕರು ಬಂದ ದಿನ ಅವಳಿಗೆ ಒಂದು ಹೂವಿನ ಹಾರ ಹಾಕಿ ಕಳಿಸಿಕೊಟ್ಟರು. ಆ ಹಾರವನ್ನು ಅವಳು ಮನೆಯವರೆಗೂ ತರಲಿಲ್ಲ. ಆ ವರ್ಷ ಸುಮ್ಮನಿರಲಾರದೆ ನೆರೆಯ ಮೂರು ಮಕ್ಕಳಿಗೆ ಪ್ರವೇಶ ಪರೀಕ್ಷೆಯ ಪಾಠ ಹೇಳಿದಳು. ಇಬ್ಬರಿಗೆ ಸೀಟು ಸಿಕ್ಕಿತು. ಮರುವರ್ಷ ಮಡಂತ್ಯಾರಿನಿಂದ ಜನ ಬಂದರು. ಆಮೇಲಿನ ವರ್ಷ ಮೂಡುಬಿದಿರೆಗೆ ಅಷ್ಟು ಹತ್ತಿರದ ಬೆಳುವಾಯಿಯಿಂದಲೂ ಒಬ್ಬಳು ಹುಡುಗಿ ಬಸ್ಸು ಹತ್ತಿ ನಮ್ಮಲ್ಲಿಗೆ ಬಂದಳು. ಶಾಲೆಗೆ ಬೇಡವಾದ ಅಮ್ಮ ಈಗ ಊರಿಗೇ ಟೀಚರ್ ಆಗಿದ್ದಳು. ಆ ಮರ್ಯಾದೆಯನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಮತ್ತು ಆ ವರ್ಷ ಪರೀಕ್ಷೆಗೆ ಕೂರುವ ಸರದಿ ನನ್ನದಾಗಿತ್ತು.

ಅವಳ ಕಾನೂನುಗಳು ಶನಿವಾರ ಮಧ್ಯಾಹ್ನ ಜಾರಿಗೆ ಬಂದು ಭಾನುವಾರ ಸಂಜೆಗೆ ಮುಗಿಯುತ್ತಿದ್ದವು. ಮೊದಲನೆಯದು, ಮನೆಯೊಳಗೆ ತುಳು ಮಾತಾಡಬಾರದು. ಪರೀಕ್ಷೆ ಕನ್ನಡದಲ್ಲಿ, ಹಾಗಾಗಿ ಹಸಿವು, ಬಾಯಾರಿಕೆ ಎಲ್ಲ ಕನ್ನಡದಲ್ಲೇ ಆಗಬೇಕು. ತುಳು ಬಿಟ್ಟರೆ ಬೇರೆ ಬಾರದ ಅಜ್ಜಿ ಹಿಂದಿನ ಜಗಲಿಯಲ್ಲಿ ಬೀಡಿ ಎಲೆಯ ಮೊರ ಇಟ್ಟುಕೊಂಡು ಎರಡು ದಿನ ಬಾಯಿ ಹೊಲಿದುಕೊಂಡು ಕೂರುತ್ತಿದ್ದಳು. ಎರಡನೆಯದು, ಭಾನುವಾರ ಮೀನಿಲ್ಲ. ಮೀನು ತಿನ್ನದ ಮನೆಯ ಮಕ್ಕಳೂ ಇದ್ದಾರೆ, ವಾಸನೆ ಬಂದರೆ ತಂದೆತಾಯಿ ಏನೆಂದುಕೊಂಡಾರು ಎಂದು ಅಮ್ಮನ ಚಿಂತೆ. ಮೀನಿನ ಗಾಡಿ ಹಾರ್ನ್ ಹಾಕುತ್ತಾ ನಮ್ಮ ಗೇಟಿನ ಎದುರಿಂದ ಹೋಗುವಾಗ ಅಜ್ಜಿ ಬೀಡಿ ಸುತ್ತುವುದನ್ನು ನಿಲ್ಲಿಸಿ, ಅದು ತಿರುವು ದಾಟುವವರೆಗೆ ಕೇಳಿಸಿಕೊಂಡು, ಮತ್ತೆ ಶುರು ಮಾಡುತ್ತಿದ್ದಳು. ಮಧ್ಯಾಹ್ನ ಎಲ್ಲರಿಗೂ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ. ನನಗೆ ಬಡಿಸುವುದು ಕೊನೆಗೆ. ಟೀಚರ ಮಗಳಿಗೆ ಮೊದಲು ಬಡಿಸಿದರು ಎಂದು ಯಾರೂ ಹೇಳಬಾರದಲ್ಲ.

ಮೂರನೆಯ ಕಾನೂನನ್ನು ಅಮ್ಮ ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವುದಕ್ಕೆ ಊರೇ ಇತ್ತು. ಹಾಲಿನ ಡೈರಿಗೆ ಹೋದರೆ, ಜೆರಾಕ್ಸ್ ಅಂಗಡಿಗೆ ಹೋದರೆ, ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತರೆ ಅದೇ ಮಾತು.

"ನಿನಗೆಂತ ಟೆನ್ಷನ್ ಮಾರಾಯ್ತಿ! ಟೀಚರ ಮಗಳಿಗೆ ಸಿಗದಿದ್ರೆ ಮತ್ತೆ ಯಾರಿಗೆ ಸಿಗ್ತದೆ?"

ನನಗೆ ಸಿಗುವ ಲಕ್ಷಣ ಏನೂ ಇರಲಿಲ್ಲ. ನಾನು ಸಾಧಾರಣ ವಿದ್ಯಾರ್ಥಿನಿ, ನೂರಕ್ಕೆ ಐವತ್ತು ಐವತ್ತೈದು ತೆಗೆಯುವವಳು. ಭಾನುವಾರದ ಪರೀಕ್ಷೆ ಮುಗಿದು ಅಂಕಗಳು ಕರಿಹಲಗೆಯ ಮೇಲೆ ಬಂದಾಗ ನನ್ನ ಹೆಸರು ಹನ್ನೆರಡನೆಯದೋ ಹದಿಮೂರನೆಯದೋ ಆಗಿರುತ್ತಿತ್ತು. ಎಲ್ಲರೆದುರು ಅಮ್ಮ ಏನೂ ಹೇಳುತ್ತಿರಲಿಲ್ಲ. ಮಕ್ಕಳು ಹೋದ ಮೇಲೆ ಪಾತ್ರೆ ತೊಳೆಯುವ ಸದ್ದಿನಲ್ಲಿ ಎಲ್ಲ ಬರುತ್ತಿತ್ತು. ನಾನು ಅವಳನ್ನು ಆ ವರ್ಷ ದ್ವೇಷಿಸುತ್ತಿದ್ದೆ, ಅವಳು ಒಂದು ಸಲ ನನ್ನ ಹೆಸರಿನ ಎದುರು ನಿಂತು ನಗಲಿ ಎಂದು ಅಷ್ಟೇ ಆಸೆಯನ್ನೂ ಪಡುತ್ತಿದ್ದೆ.

ಆ ಭಾನುವಾರದ ಪರೀಕ್ಷೆಯ ಬಗ್ಗೆ ಸ್ವಲ್ಪ ಹೇಳಬೇಕು. ಮೂಡುಬಿದಿರೆಯ ಪರೀಕ್ಷೆಯಲ್ಲಿ ಉತ್ತರವನ್ನು ಬರೆಯುವುದಕ್ಕಿಲ್ಲ, ಓಎಂಆರ್ ಹಾಳೆಯಲ್ಲಿ ಒಂದೊಂದು ಪ್ರಶ್ನೆಗೆ ನಾಲ್ಕು ವೃತ್ತಗಳಿರುತ್ತವೆ, ಸರಿಯಾದದ್ದನ್ನು ಕಪ್ಪು ಪೆನ್ನಿನಿಂದ ತುಂಬಬೇಕು. ತುಂಬಿದ ಮೇಲೆ ಮುಗಿಯಿತು, ಅಳಿಸುವ ಹಾಗಿಲ್ಲ. ಅಮ್ಮ ಅದೇ ತರದ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಪ್ರತಿ ಭಾನುವಾರ ನೂರು ಪ್ರಶ್ನೆ ಕೊಡುತ್ತಿದ್ದಳು. ಇಪ್ಪತ್ತಮೂರು ಹಾಳೆಗಳನ್ನು ಊಟದೊಳಗೆ ತಿದ್ದುವುದಕ್ಕೆ ಅವಳೇ ಒಂದು ಉಪಾಯ ಕಂಡುಹಿಡಿದಿದ್ದಳು. ಶರ್ಟ್ ಪೀಸಿನ ಒಳಗೆ ಬರುವ ತೆಳು ರಟ್ಟು ಅಪ್ಪನ ಅಂಗಡಿಯಲ್ಲಿ ಬೇಕಾದಷ್ಟು ಬಿದ್ದಿರುತ್ತಿತ್ತು. ಅದನ್ನು ಹಾಳೆಯ ಅಳತೆಗೆ ಕತ್ತರಿಸಿ, ಸರಿ ಉತ್ತರದ ವೃತ್ತ ಇರುವಲ್ಲಿ ಉರಿಯುವ ಊದುಬತ್ತಿಯ ತುದಿಯಿಂದ ಚುಚ್ಚಿ ತೂತು ಮಾಡುತ್ತಿದ್ದಳು. ಮಕ್ಕಳು ಒಬ್ಬೊಬ್ಬರಾಗಿ ಬಂದು ಹಾಳೆ ಕೊಟ್ಟರೆ, ಅದರ ಮೇಲೆ ಈ ರಟ್ಟನ್ನು ಇಟ್ಟು, ತೂತಿನಲ್ಲಿ ಕಪ್ಪು ಕಂಡಷ್ಟನ್ನು ಎಣಿಸಿದರೆ ಆಯಿತು. ಶನಿವಾರ ಬೆಳಿಗ್ಗೆ ಮನೆಯಲ್ಲಿ ಊದುಬತ್ತಿಯ ಪರಿಮಳದ ಜೊತೆ ಸುಟ್ಟ ರಟ್ಟಿನ ವಾಸನೆ ಬಂದರೆ ನಾನು ಎದ್ದು ಅಂಗಡಿಗೆ ಹೋಗಿಬಿಡುತ್ತಿದ್ದೆ. ಇವತ್ತಿಗೂ ದೇವಸ್ಥಾನದಲ್ಲಿ ಊದುಬತ್ತಿಯ ಹತ್ತಿರ ನಿಲ್ಲುವುದು ನನಗೆ ಕಷ್ಟ.

ಆ ರಟ್ಟನ್ನು ಅಮ್ಮ ಇಡುತ್ತಿದ್ದದ್ದು ದೇವರ ಫೋಟೋದ ಹಿಂದೆ. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲವೆಂದು ಅವಳ ನಂಬಿಕೆ. ಆದರೆ ಸಂಜೆ ದೀಪ ಹಚ್ಚುವುದು ನನ್ನ ಕೆಲಸವೆಂಬುದನ್ನು ಅವಳು ಮರೆತಿದ್ದಳು. ಒಂದು ಶನಿವಾರ ಬೆಂಕಿಪೆಟ್ಟಿಗೆ ಹಿಂದಕ್ಕೆ ಬಿತ್ತು, ಹುಡುಕುವಾಗ ಕೈಗೆ ರಟ್ಟು ಸಿಕ್ಕಿತು. ಪ್ರಶ್ನೆಗಳನ್ನು ನೋಡುವ ಅಗತ್ಯವೇ ಇರಲಿಲ್ಲ. ಚುಕ್ಕಿ ರಂಗೋಲಿ ಕಲಿತವಳಿಗೆ ತೂತುಗಳ ಸಾಲು ನೆನಪಿಟ್ಟುಕೊಳ್ಳುವುದು ಎಷ್ಟರ ಕೆಲಸ? ಹತ್ತು ಹತ್ತು ಸಾಲಾಗಿ ನೋಡಿ, ಕಣ್ಣು ಮುಚ್ಚಿ, ಮತ್ತೆ ನೋಡಿದೆ. ಆಮೇಲಿನ ಶನಿವಾರಗಳಲ್ಲಿ ನಾನು ದೇವರ ಮುಂದೆ ನಿಲ್ಲುವ ಹೊತ್ತು ಜಾಸ್ತಿಯಾಯಿತು. ಮೊಮ್ಮಗಳಿಗೆ ಭಕ್ತಿ ಬಂತೆಂದು ಅಜ್ಜಿಗೆ ಖುಷಿಯೋ ಖುಷಿ. ಅನುಮಾನ ಬಾರದಂತೆ ಮೊದಲೆರಡು ವಾರ ತುಂಬ, ಆಮೇಲೆ ಪ್ರತಿಸಲ ಆರೇಳು ಉತ್ತರ ಬೇಕೆಂದೇ ತಪ್ಪು ಮಾಡುವಷ್ಟು ಬುದ್ಧಿ ನನಗಿತ್ತು. ಆ ಬುದ್ಧಿಯನ್ನು ಗಣಿತಕ್ಕೆ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೂರನೇ ವಾರಕ್ಕೆ ನನ್ನ ಹೆಸರು ಹಲಗೆಯ ಮೇಲೆ ಮೊದಲನೆಯದಾಯಿತು. ಅಮ್ಮ ನಕ್ಕಳು. ಅವತ್ತು ಗಂಜಿಯ ಜೊತೆ ನನಗೊಂದು ಹಪ್ಪಳ ಹೆಚ್ಚಿಗೆ ಬಂತು.

ಅಲ್ಲಿಯವರೆಗೆ ಮೊದಲಿದ್ದವಳು ಬೆಳುವಾಯಿಯ ಹರಿಣಾಕ್ಷಿ, ನಮಗೆಲ್ಲ ಹರಿಣಿ. ಗದ್ದೆ ಬೇಸಾಯದ ಮನೆಯವಳು. ಊರು ದೂರವೆಂದು ಶನಿವಾರ ನಮ್ಮಲ್ಲೇ ಉಳಿದು ಭಾನುವಾರ ಸಂಜೆ ಹೋಗುತ್ತಿದ್ದಳು, ನನ್ನ ಚಾಪೆಯಲ್ಲೇ ಮಲಗುತ್ತಿದ್ದಳು. ಕಾನೂನು ಮುರಿದು ಕಿವಿಯಲ್ಲಿ ಪಿಸಪಿಸ ತುಳು ಮಾತಾಡಿ ನನ್ನನ್ನು ನಗಿಸುತ್ತಿದ್ದವಳು ಅವಳೊಬ್ಬಳೇ. ನಾನು ಮೊದಲು ಬಂದದ್ದಕ್ಕೆ ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ. ನೀನು ಹೇಗೆ ಓದಿದ್ದು, ನನಗೂ ಹೇಳಿಕೊಡು ಎಂದಳು. ನಾನು ಆಕಳಿಸಿ ಮಗ್ಗುಲು ಬದಲಿಸಿದೆ.

ಜನವರಿಯ ಒಂದು ಭಾನುವಾರ ಅದು ನಡೆಯಿತು. ಪ್ರಶ್ನೆ ಸುಲಭದ್ದು. ನೂರು ಮೀಟರ್ ಉದ್ದದ ನೇರ ಬೇಲಿಗೆ ಹತ್ತು ಹತ್ತು ಮೀಟರಿಗೆ ಒಂದು ಕಂಬ, ಒಟ್ಟು ಎಷ್ಟು ಕಂಬ ಬೇಕು? ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು ಎಂದು ನಾಲ್ಕು ಉತ್ತರ. ಅವಸರದ ಮಕ್ಕಳು ಹತ್ತು ಎನ್ನುತ್ತವೆ, ಯೋಚಿಸಿದವರು ಹನ್ನೊಂದು ಎನ್ನುತ್ತಾರೆ. ಹರಿಣಿ ಹನ್ನೊಂದಕ್ಕೆ ತುಂಬಿದ್ದಳು. ಅಮ್ಮ ರಟ್ಟು ಇಟ್ಟು ಎಣಿಸಿ ಒಂದು ಅಂಕ ಕಳೆದಾಗ ಅವಳು ಅಲ್ಲಿಂದ ಕದಲಲಿಲ್ಲ.

"ಟೀಚರ್, ಇದು ಸರಿ ಉಂಟಲ್ಲ? ಅಪ್ಪ ಬೇಲಿ ಹಾಕುವಾಗ ನಾನೇ ಹಗ್ಗ ಹಿಡಿದಿದ್ದೇನೆ. ಶುರುವಿಗೆ ಒಂದು ಕಂಬ ಜಾಸ್ತಿ ಬೇಕಾಗ್ತದೆ."

ಅಮ್ಮ ರಟ್ಟನ್ನು ಎತ್ತಿ ನೋಡಿದಳು. ಊದುಬತ್ತಿ ಹಿಡಿದ ಕೈ ಜಾರಿ ಹನ್ನೊಂದರ ಬದಲು ಒಂಬತ್ತರ ಮೇಲೆ ತೂತು ಬಿದ್ದಿತ್ತು. ಅವಳಿಗೆ ನಗು ಬಂತು, ತನ್ನ ತಪ್ಪನ್ನು ಹೇಳುವುದಕ್ಕೆ ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಏನೋ ನೆನಪಾದಂತೆ ಆಗಲೇ ತಿದ್ದಿ ಮುಗಿಸಿದ್ದ ಹಾಳೆಗಳ ಕಟ್ಟನ್ನು ಎಳೆದುಕೊಂಡು ಒಂದೊಂದಾಗಿ ತಿರುವಿದಳು. ಹತ್ತು, ಹನ್ನೊಂದು, ಹತ್ತು, ಹತ್ತು, ಹನ್ನೊಂದು. ನನ್ನ ಹಾಳೆ ಬಂತು. ಒಂಬತ್ತು. ಇಡೀ ಮನೆಯಲ್ಲಿ ಒಂಬತ್ತು ಕಂಬ ನೆಟ್ಟವಳು ನಾನೊಬ್ಬಳೇ. ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿದೆಯೆಂದು ನನಗೆ ಗೊತ್ತಾಯಿತು. ಇಪ್ಪತ್ತೆರಡು ಮಕ್ಕಳು, ಬಾಗಿಲ ಬಳಿ ಮಗನನ್ನು ಕರೆದೊಯ್ಯಲು ಬಂದಿದ್ದ ಮಡಂತ್ಯಾರಿನ ಒಬ್ಬ ತಂದೆ, ಎಲ್ಲರೂ ಕಾಯುತ್ತಿದ್ದರು.

"ಒಂಬತ್ತೇ ಸರಿ," ಎಂದಳು ಅಮ್ಮ. "ಎರಡು ತುದಿಯಲ್ಲಿಯೂ ಗೋಡೆ ಉಂಟು. ಗೋಡೆ ಇರುವಲ್ಲಿ ಕಂಬ ಯಾಕೆ?"

ಹರಿಣಿ ಪ್ರಶ್ನೆಪತ್ರಿಕೆಯನ್ನು ಮತ್ತೊಮ್ಮೆ ಓದಿದಳು.

"ಪ್ರಶ್ನೆಯಲ್ಲಿ ಗೋಡೆ ಇಲ್ಲ ಟೀಚರ್."

"ಎಲ್ಲವನ್ನೂ ಪ್ರಶ್ನೆಯಲ್ಲಿ ಬರೆದು ಕೊಡುವುದಿಲ್ಲ. ಬುದ್ಧಿವಂತರು ಊಹಿಸ್ತಾರೆ. ಚೈತ್ರಾ ಊಹಿಸಿದ್ದಾಳೆ. ಹೌದಲ್ವಾ ಚೈತ್ರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಆಗ ನಾನು ಇಲ್ಲವೆಂದಿದ್ದರೆ ಏನಾಗುತ್ತಿತ್ತೆಂದು ಎಷ್ಟೋ ಸಲ ಯೋಚಿಸಿದ್ದೇನೆ. ನಾನು ಹೌದೆಂದು ತಲೆಯಾಡಿಸಿದೆ. ಹರಿಣಿ ಹನ್ನೊಂದರ ಪಕ್ಕದಲ್ಲಿ ತಾನೇ ಒಂದು ತಪ್ಪಿನ ಗುರುತು ಹಾಕಿಕೊಂಡು ಜಾಗಕ್ಕೆ ಹೋಗಿ ಕೂತಳು.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ಅಪ್ಪ ಅಮ್ಮನಿಗೆ ಜಗಳವಾಯಿತು. ಅಪ್ಪ ಜಗಳವಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬೆಳುವಾಯಿಗೆ ಫೋನ್ ಮಾಡು. ನಿನ್ನದೇ ಸರಿ ಇತ್ತು ಅಂತ ಆ ಮಗುವಿಗೆ ಒಂದು ಮಾತು ಹೇಳು. ಅಷ್ಟೇ ಅಲ್ವಾ ಮಾರಾಯ್ತಿ."

"ಹೇಳ್ತೇನೆ. ಮತ್ತೆ ಇವಳು ಆ ತಪ್ಪು ಒಂಬತ್ತನ್ನೇ ಹೇಗೆ ತುಂಬಿದ್ದು ಅಂತ ಕೇಳಿದ್ರೆ? ಎಂತ ಹೇಳುವುದು? ಟೀಚರ ಮನೆಯಲ್ಲಿ ಕಳ್ಳಿ ಇದ್ದಾಳೆ ಅಂತ ಹೇಳುವುದಾ?"

ಅಪ್ಪ ಎದ್ದು ಅಂಗಡಿಗೆ ಹೋದರು. ನನಗೆ ಹೊಡೆತ ಬೀಳುತ್ತದೆಂದು ಕಾಯುತ್ತಿದ್ದೆ, ಬಿದ್ದರೆ ಸಾಕು ಮುಗಿಯಲಿ ಎಂದೂ ಇತ್ತು. ಅಮ್ಮ ನನ್ನ ಮೈ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಒಲೆಯ ಎದುರು ಕೂರಿಸಿ, ಮೊದಲ ಪಾಠದಿಂದ ಶುರು ಮಾಡಿದಳು. ಅವತ್ತಿನಿಂದ ಪರೀಕ್ಷೆಯವರೆಗೆ ಒಂದು ದಿನವೂ ತಪ್ಪಲಿಲ್ಲ. ಹಾಲು ಕಾಯುವವರೆಗೆ ಭಿನ್ನರಾಶಿ, ದೋಸೆ ಹೊಯ್ಯುವವರೆಗೆ ಶೇಕಡಾ. ಬೇರೆ ಮಾತಿಲ್ಲ. ರಟ್ಟು ಈಗ ಅಪ್ಪನ ಅಂಗಡಿಯ ಬೀಗ ಹಾಕುವ ಡ್ರಾಯರಿನಲ್ಲಿ ಇರುತ್ತಿತ್ತು. ಮುಂದಿನ ಭಾನುವಾರ ನಾನು ಎಣಿಸಿಕೊಂಡ ಹಾಗೆ ನನಗೆ ಬಂದದ್ದು ಐವತ್ತೆಂಟು. ಅಮ್ಮ ನನ್ನ ಹಾಳೆಯ ಮೇಲೆ ರಟ್ಟು ಇಟ್ಟು, ನಿಧಾನವಾಗಿ ಎಣಿಸಿ, ಎದ್ದು ಹೋಗಿ ಹಲಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಳು: ಚೈತ್ರಾ, ತೊಂಬತ್ತೊಂದು.

ನನ್ನ ಮೋಸ ಅಲ್ಲಿಗೆ ಅವಳದ್ದಾಯಿತು. ಮೊದಲಾದರೆ ನಾನು ತಪ್ಪೊಪ್ಪಿಕೊಂಡರೆ ನನ್ನ ಮಾನ ಮಾತ್ರ ಹೋಗುತ್ತಿತ್ತು. ಈಗ ಬಾಯಿ ಬಿಟ್ಟರೆ ಅಮ್ಮನದ್ದೂ ಹೋಗುತ್ತದೆ. ಪ್ರತಿ ಭಾನುವಾರ ಆ ಸುಳ್ಳು ಸಂಖ್ಯೆಯ ಕೆಳಗೆ ಕೂತು ಗಂಜಿ ಕುಡಿಯುತ್ತಿದ್ದೆ. ಮಕ್ಕಳು ಬಂದು ನನ್ನ ಬಳಿ ಲೆಕ್ಕ ಕೇಳುತ್ತಿದ್ದರು. ಗೊತ್ತಿಲ್ಲವೆಂದರೆ ಜಂಬ ಎನ್ನುತ್ತಿದ್ದರು. ಕತ್ತರಿಸುವ ಮೇಜಿನ ಅಡಿಗೆ ಹೋಗುವಷ್ಟು ನಾನು ಚಿಕ್ಕವಳಾಗಿಯೂ ಉಳಿದಿರಲಿಲ್ಲ. ಒಂದು ದಿನ ಒಲೆಯ ಎದುರು ತಡೆಯಲಾರದೆ ಹೇಳಿದೆ.

"ಅಮ್ಮಾ, ನನಗೆ ಆ ಶಾಲೆ ಬೇಡ. ನಾನು ಇಲ್ಲೇ ಹೈಸ್ಕೂಲಿಗೆ ಹೋಗ್ತೇನೆ."

"ಬೇಡದಿದ್ರೆ ಹೋಗ್ಬೇಡ," ಎಂದಳು ಅವಳು, ದೋಸೆ ಮಗುಚುತ್ತಾ. "ಸೀಟು ಸಿಕ್ಕಿದ ಮೇಲೆ ಬೇಡ ಅನ್ನು."

ಹರಿಣಿ ಬದಲಾದದ್ದನ್ನು ನಾನು ನೋಡುತ್ತಿದ್ದೆ. ಮೊದಲು ಎಲ್ಲರಿಗಿಂತ ಬೇಗ ಮುಗಿಸಿ ಕಿಟಕಿ ನೋಡುತ್ತಾ ಕೂರುತ್ತಿದ್ದವಳು ಈಗ ಕೊನೆಯವರೆಗೂ ಪೆನ್ನು ಕಚ್ಚಿಕೊಂಡಿರುತ್ತಿದ್ದಳು. ಚಾಪೆಯಲ್ಲಿ ಮಲಗಿ ತುಳುವಿನಲ್ಲಿ ನಗಿಸುವುದೂ ನಿಂತಿತು. ಅದರ ಬದಲು ಪ್ರಶ್ನೆ ಕೇಳುತ್ತಿದ್ದಳು. ರೈಲಿನ ಲೆಕ್ಕದಲ್ಲಿ ರೈಲು ನಡುವೆ ನಿಲ್ಲುತ್ತದೆಂದು ಊಹಿಸಬೇಕಾ? ತೊಟ್ಟಿಯ ಲೆಕ್ಕದಲ್ಲಿ ತೊಟ್ಟಿ ಸೋರುತ್ತದಾ? ನನಗೆ ಗೊತ್ತಿತ್ತು ಏನು ಹೇಳಬೇಕೆಂದು. ಒಂದು ವಾಕ್ಯ ಸಾಕಿತ್ತು. ನಾನು ನಿದ್ದೆ ಬಂದವಳ ಹಾಗೆ ಮಲಗಿರುತ್ತಿದ್ದೆ. ನನ್ನ ಬಾಲ್ಯದಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ರಟ್ಟು ನೋಡಿದ್ದಲ್ಲ, ಈ ಸುಳ್ಳು ನಿದ್ದೆ.

ಮಾರ್ಚಿನಲ್ಲಿ ಪರೀಕ್ಷೆ. ಎರಡು ವ್ಯಾನುಗಳಲ್ಲಿ ಮೂಡುಬಿದಿರೆಗೆ ಹೋದೆವು. ಆ ಮೈದಾನದಲ್ಲಿ ಅಷ್ಟು ಮಕ್ಕಳನ್ನು ನೋಡಿ ನನಗೆ ಭಯಕ್ಕಿಂತ ಸಮಾಧಾನವೇ ಆಯಿತು, ಇಲ್ಲಿ ನಾನು ಯಾರ ಮಗಳೆಂದು ಯಾರಿಗೂ ಗೊತ್ತಿಲ್ಲ. ಪ್ರಶ್ನೆಗಳು ಒಲೆಯ ಎದುರು ಮಾಡಿದವುಗಳ ಹಾಗೇ ಇದ್ದವು. ನಾನು ಅಮ್ಮನ ದನಿಯಲ್ಲೇ ಓದಿಕೊಂಡು ತುಂಬುತ್ತಾ ಹೋದೆ. ಬರುವಾಗ ವ್ಯಾನಿನಲ್ಲಿ ಹರಿಣಿ ನನ್ನ ಪಕ್ಕ ಕೂತಿದ್ದಳು.

"ಮೂವತ್ತು ಪ್ರಶ್ನೆ ಬಾಕಿ ಆಯ್ತು," ಎಂದಳು. "ಟೈಮ್ ಸಾಲಲಿಲ್ಲ. ಮೊದಲು ತಲೆಗೆ ಬಂದ ಉತ್ತರ ತುಂಬ್ಲಿಕ್ಕೆ ಹೆದರಿಕೆ ಆಗ್ತದೆ. ಅದು ಯಾವಾಗಲೂ ತಪ್ಪಲ್ವಾ? ಪ್ರತಿ ಪ್ರಶ್ನೆಯಲ್ಲಿಯೂ ಬರೆಯದೇ ಬಿಟ್ಟದ್ದು ಎಂತ ಉಂಟು ಅಂತ ಹುಡುಕಿದೆ."

ಪಟ್ಟಿ ಅಮ್ಮನ ಮೊಬೈಲಿಗೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ನಮ್ಮ ಮನೆಯಲ್ಲಿ ಕಲಿತ ನಾಲ್ವರ ಹೆಸರಿತ್ತು. ನನ್ನದು ಕೊನೆಯ ಪುಟದಲ್ಲಿ. ಹರಿಣಾಕ್ಷಿಯ ಹೆಸರನ್ನು ನಾನು ಮೂರು ಸಲ ಹುಡುಕಿದೆ. ಅಮ್ಮ ನನ್ನನ್ನು ಅಪ್ಪಿಕೊಂಡು ಅತ್ತಳು. ಅವಳ ಸೀರೆಯಲ್ಲಿ ಒಗ್ಗರಣೆಯ ವಾಸನೆ ಇತ್ತು. ಅವಳು ಎಷ್ಟು ಹೆದರಿದ್ದಳೆಂದು ನನಗೆ ಗೊತ್ತಾದದ್ದು ಆಗಲೇ. ಶಾಲೆ ಬೇಡವೆನ್ನುವ ಮಾತು ನನಗೆ ನೆನಪಾಯಿತು, ಆದರೆ ಅಷ್ಟರಲ್ಲಿ ಅಜ್ಜಿ ಗೇಟಿನಲ್ಲಿ ನಿಂತು ದಾರಿಯಲ್ಲಿ ಹೋಗುವವರಿಗೆಲ್ಲ ಸುದ್ದಿ ಹೇಳುತ್ತಿದ್ದಳು. ವಾರದೊಳಗೆ ಪೇಟೆಯಲ್ಲಿ ನನ್ನ ಫೋಟೋದ ಫ್ಲೆಕ್ಸ್ ಬಂತು. ಮುಂದಿನ ವರ್ಷಕ್ಕೆ ನಲವತ್ತು ಮಕ್ಕಳು ಹೆಸರು ಕೊಟ್ಟರು.

ಹರಿಣಿಯ ಅಪ್ಪ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದರು, ಅವಳು ನಮ್ಮಲ್ಲಿ ಬಿಟ್ಟಿದ್ದ ಹೊದಿಕೆ, ಬಟ್ಟೆಗಳನ್ನು ಒಯ್ಯುವುದಕ್ಕೆ. ಕೈಯಲ್ಲಿ ನಾಲ್ಕು ದೊಡ್ಡ ಸೌತೆಕಾಯಿ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು, ಚಾವಡಿಯಲ್ಲಿ ನೆಲದ ಮೇಲೆಯೇ ಕೂತರು. ಕುರ್ಚಿ ಕೊಟ್ಟರೂ ಬೇಡವೆಂದರು.

"ನಿಮ್ಮ ಮೇಲೆ ಬೇಸರ ಇಲ್ಲ ಟೀಚರೇ. ನೀವು ಕಲಿಸಿದ್ದು ಸರಿಯೇ. ಇವಳ ತಲೆಗೆ ಹೋಗಲಿಲ್ಲ, ಅಷ್ಟೇ. ನಮ್ಮ ಮನೆಯಲ್ಲಿ ಓದಿದವರು ಯಾರೂ ಇಲ್ಲ ಅಲ್ವಾ, ಊಹೆ ಮಾಡ್ಲಿಕ್ಕೆ ಎಲ್ಲಿಂದ ಬರಬೇಕು?"

ಹರಿಣಿ ತಲೆ ತಗ್ಗಿಸಿ ಹೊದಿಕೆ ಮಡಚುತ್ತಿದ್ದಳು.

"ಕಂಬ ಹನ್ನೊಂದೇ," ಎಂದೆ. ಗಟ್ಟಿಯಾಗಿಯೇ ಬಂತು. "ಹರಿಣಿಯದ್ದು ಸರಿ ಇತ್ತು. ಗೋಡೆ ಇರಲೇ ಇಲ್ಲ. ನಾನು ಮೊದಲೇ ಉತ್ತರ ನೋಡಿ ಬರೆದದ್ದು. ನನಗೆ ಅಷ್ಟು ಮಾರ್ಕೂ ಬರ್ತಾ ಇರಲಿಲ್ಲ."

ಅವರು ನನ್ನನ್ನೇ ನೋಡಿದರು. ಆಮೇಲೆ ಅವರ ಮುಖದಲ್ಲಿ ನಿಧಾನವಾಗಿ ನಗು ಬಂತು. ಮಗಳ ಕಡೆ ತಿರುಗಿದರು.

"ನೋಡು, ನಿನಗೆ ಬೇಸರ ಆಗ್ಬಾರ್ದು ಅಂತ ಪಾಪ ಎಂತೆಲ್ಲ ಹೇಳ್ತಾಳೆ. ಸೀಟು ಸುಮ್ಮನೆ ಸಿಗುವುದಿಲ್ಲ. ಗುಣವೂ ಬೇಕು."

ನಾನು ಅಮ್ಮನನ್ನು ನೋಡಿದೆ. ಅವಳು ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಹೌದು ಎಂದರೆ ಮುಗಿಯುತ್ತಿತ್ತು, ಅವಳು ಹೇಳಿದರೆ ಅವರು ನಂಬುತ್ತಿದ್ದರು.

"ಇವಳು ಸಣ್ಣದಿರುವಾಗಲೇ ಹಾಗೆ," ಎಂದಳು ಅಮ್ಮ. "ಬೇರೆಯವರ ಬೇಸರ ನೋಡ್ಲಿಕ್ಕೆ ಆಗುವುದಿಲ್ಲ ಇವಳಿಗೆ."

ಹರಿಣಿ ಹೊದಿಕೆಯನ್ನು ಬಿಟ್ಟು ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಿನಲ್ಲಿ ನೀರಿತ್ತು, ಆದರೂ ನಗುತ್ತಿದ್ದಳು.

"ನನಗೋಸ್ಕರ ನೀನು ಸುಳ್ಳು ಹೇಳ್ಬೇಡ ಚೈತ್ರಾ," ಎಂದಳು.

ಅಮ್ಮ ಚಹಾವನ್ನು ಮೊದಲು ಅವರಿಬ್ಬರಿಗೆ ಕೊಟ್ಟು, ಕೊನೆಗೆ ನನ್ನ ಎದುರು ತಟ್ಟೆ ಹಿಡಿದಳು. ನಾನು ಲೋಟ ತೆಗೆದುಕೊಂಡೆ.